ಕೂದಲು ಸುಟ್ಟ ವಾಸನೆ

ಸ್ವೆಟರ್ ಕೊಂಡಾಗ ಅದರಲ್ಲಿ ಲೇಬಲ್ ಇರಲಿಲ್ಲ. ಕುತ್ತಿಗೆಗೆ ಚುಚ್ಚುತ್ತದೆ ಅಂತ ಹಿಂದಿನವರು ಕತ್ತರಿಸಿ ಬಿಸಾಡಿದ್ದರೋ ಏನೋ. ಸೆಕೆಂಡ್‌ಹ್ಯಾಂಡ್ ಬಟ್ಟೆಯಂಗಡಿಯ ರಾಶಿಯಲ್ಲಿ ಕೈಗೆ ಸಿಕ್ಕಿತು. ಕಡುನೀಲಿ ಬಣ್ಣ, ಮೊಣಕೈ ಹತ್ತಿರ ಒಂಚೂರು ಸವೆದಿತ್ತು, ಅಷ್ಟೇ. ಉಣ್ಣೆಯಲ್ಲ, ಅಕ್ರಿಲಿಕ್ ಅನ್ನುವ ಕೃತಕ ನೂಲಿನದ್ದು ಇರಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಅಕ್ರಿಲಿಕ್ಕೇ ಆಗಿರಲಿ ಅಂತ ಆಸೆಪಟ್ಟು, ಯಾರನ್ನೂ ಕೇಳದೆ ದುಡ್ಡು ಕೊಟ್ಟು ಬಂದೆ.

ನಾನು ವೀಗನ್ ಆಗಿ, ಅಂದರೆ ಪ್ರಾಣಿಗಳಿಂದ ಬಂದದ್ದನ್ನು ತಿನ್ನುವುದನ್ನೂ ತೊಡುವುದನ್ನೂ ಬಿಟ್ಟು, ಆರು ವರ್ಷವಾಯಿತು. ರಾತ್ರಿ ಅನುಮಾನ ಬಿಡಲಿಲ್ಲ. ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ತೋರಿಸಿದೆ. ಅಕ್ರಿಲಿಕ್ ಆದರೆ ಕರಗುತ್ತದೆ, ತಣ್ಣಗಾದ ಮೇಲೆ ತುದಿಯಲ್ಲಿ ಗಟ್ಟಿ ಕರಿಗುಂಡು ಉಳಿಯುತ್ತದೆ. ಇದು ಕರಗಲಿಲ್ಲ. ಸುರುಟಿಕೊಂಡು ನಿಧಾನಕ್ಕೆ ಉರಿಯಿತು, ಕಡ್ಡಿ ದೂರ ಸರಿಸಿದ ಕೂಡಲೇ ಆರಿತು. ಬೂದಿಯನ್ನು ಬೆರಳಲ್ಲಿ ಒತ್ತಿದರೆ ಪುಡಿಪುಡಿ. ಕೋಣೆಯಲ್ಲೆಲ್ಲ ಕೂದಲು ಸುಟ್ಟ ವಾಸನೆ. ಕೂದಲೇ ಅಲ್ವಾ ಅದು? ಕುರಿಯದು. ನನ್ನ ತಲೆಯ ಮೇಲಿರುವುದೂ ಅದೇ ಕೆರಾಟಿನ್ ಅನ್ನುವ ಪ್ರೋಟೀನು.

ಕುರಿಯನ್ನು ಸುಮ್ನೆ ಬೋಳಿಸುತ್ತಾರಷ್ಟೇ ಅನ್ನುವವರಿದ್ದಾರೆ. ಅಷ್ಟೇ ಅಲ್ಲ. ಆಸ್ಟ್ರೇಲಿಯಾದಲ್ಲಿ ಎಷ್ಟೋ ಮೆರಿನೋ ತಳಿಯ ಕುರಿಮರಿಗಳ ಹಿಂಭಾಗದ ಚರ್ಮವನ್ನು ಪಟ್ಟಿಯಾಗಿ ಕತ್ತರಿಸಿ ತೆಗೆಯುತ್ತಾರೆ. ಅಲ್ಲಿಯ ಮಡಿಕೆಗಳಲ್ಲಿ ನೊಣ ಮೊಟ್ಟೆಯಿಟ್ಟು ಹುಳ ಬೀಳಬಾರದು ಅಂತ. ಇದಕ್ಕೆ ಮ್ಯೂಲ್ಸಿಂಗ್ ಅಂತ ಹೆಸರು. ನನ್ನ ಸ್ವೆಟರಿನ ಕುರಿ ಯಾವ ದೇಶದ್ದೋ ಗೊತ್ತಿಲ್ಲ. ಲೇಬಲ್ ಇಲ್ಲದ್ದರ ಅನುಕೂಲ ಅದೇ ನೋಡಿ.

ಮನಸ್ಸು ವಕೀಲಿಕೆಗೆ ನಿಂತಿತು. ನನ್ನ ದುಡ್ಡು ಹೋಗಿದ್ದು ಹಳೇ ಬಟ್ಟೆ ಮಾರುವವನಿಗೆ, ಕುರಿ ಸಾಕುವವನಿಗಲ್ಲ. ನಾನು ಕೊಳ್ಳದಿದ್ದರೆ ಇದು ಕಸಕ್ಕೆ ಹೋಗುತ್ತಿತ್ತು. 1944ರಲ್ಲಿ ಬ್ರಿಟನ್ನಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಜೊತೆಗಾರರು ಕಟ್ಟಿದ ವೀಗನ್ ಸೊಸೈಟಿ ಕೂಡ ತನ್ನ ವ್ಯಾಖ್ಯೆಯಲ್ಲಿ ‘ಸಾಧ್ಯವಾದಷ್ಟು’ ಅಂತಲೇ ಹೇಳುತ್ತದೆ. ನಮ್ಮಂಥವರು ಸಿಕ್ಕಿಬಿದ್ದಾಗಲೆಲ್ಲ ನುಸುಳುವ ಕಿಂಡಿ ಅದು.

ಇನ್ನೊಂದು ನೆನಪೂ ವಕೀಲನ ಪರವಾಗಿ ಸಾಕ್ಷಿ ಹೇಳಿತು. ಹಿಂದೊಮ್ಮೆ ಹೊಸ ‘ವೀಗನ್ ಲೆದರ್’ ಜಾಕೆಟ್ ಕೊಂಡಿದ್ದೆ. ಹೆಸರು ದೊಡ್ಡದು, ಒಳಗಿದ್ದದ್ದು ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್. ಮೂರನೇ ಚಳಿಗಾಲಕ್ಕೆ ಭುಜದ ಮೇಲೆ ಬಿಸಿಲಿಗೆ ಸುಟ್ಟ ಚರ್ಮದ ಹಾಗೆ ಸಿಪ್ಪೆ ಏಳತೊಡಗಿತು. ಕೂತೆದ್ದ ಕುರ್ಚಿಯ ಮೇಲೆಲ್ಲ ಕರಿ ಚೂರು. ಗುಡಿಸಿದಷ್ಟೂ ಇನ್ನೊಂದಿಷ್ಟು. ಆ ಪ್ಲಾಸ್ಟಿಕ್ ಚೂರು ಕೊನೆಗೆ ಯಾವ ಜೀವಿಯ ಹೊಟ್ಟೆ ಸೇರಿತೋ.

ಸರಿ, ಸ್ವೆಟರ್ ಹಾಕಿಕೊಂಡು ಕೆಲಸಕ್ಕೆ ಹೋದೆ. ಬೆಚ್ಚಗಿತ್ತು, ಸುಳ್ಳು ಹೇಳಲ್ಲ. ಊಟದ ಹೊತ್ತಿಗೆ ಗೆಳತಿಯೊಬ್ಬಳು ತೋಳು ಹಿಡಿದು ಸವರಿ, ‘ಎಷ್ಟು ಚೆನ್ನಾಗಿದೆ! ಉಣ್ಣೆನಾ?’ ಅಂದಳು. ಹೂಂ ಅಂದೆ. ‘ಆದರೆ ಸೆಕೆಂಡ್‌ಹ್ಯಾಂಡ್’ ಅಂತ ತಕ್ಷಣ ಸೇರಿಸಿದೆ. ಅವಳಿಗೆ ಆ ಎರಡನೇ ಮಾತು ಕೇಳಿಸಲೇ ಇಲ್ಲವೇನೋ. ‘ನೀನೇ ಹಾಕ್ತೀಯ ಅಂದಮೇಲೆ ಉಣ್ಣೆ ಪರವಾಗಿಲ್ಲ ಅನ್ನು’ ಅಂದಳು. ಕಿಚಾಯಿಸಲು ಅಂದದ್ದಲ್ಲ. ನಿಜವಾಗಿಯೂ ಸಮಾಧಾನದಿಂದ ಅಂದಳು. ಎರಡು ದಿನದ ಮೇಲೆ ಫೋನಿಗೆ ಫೋಟೋ ಬಂತು. ಅದೇ ಕಡುನೀಲಿ. ಹೊಚ್ಚ ಹೊಸ ಮೆರಿನೋ.

ರಾತ್ರಿಯಿಡೀ ಹಾಕಿದ ಲೆಕ್ಕದಲ್ಲಿ ಕೊಳ್ಳುವ ಕೈ ಇತ್ತು, ಕುರಿ ಇತ್ತು, ಕಸದ ರಾಶಿ ಇತ್ತು. ನೋಡುವ ಕಣ್ಣು ಇರಲಿಲ್ಲ. ಮೈಮೇಲೆ ಹಾಕಿಕೊಂಡದ್ದು ಹೊಸದೋ ಹಳೆಯದೋ ಅಂತ ದಾರಿಹೋಕರಿಗೆ ಹೇಗೆ ಗೊತ್ತಾಗಬೇಕು? ಮೊಣಕೈಯ ಸವೆತ ನೋಡಲು ಯಾರಿಗೂ ಪುರುಸೊತ್ತಿಲ್ಲ. ತುಪ್ಪಳ ಕೋಟಾಗಿದ್ದರೆ ನಾನು ಕನಸಿನಲ್ಲೂ ಮುಟ್ಟುತ್ತಿರಲಿಲ್ಲ, ಉಚಿತವಾಗಿ ಕೊಟ್ಟರೂ. ಅಂದಮೇಲೆ ಹಳೇದಾದರೆ ತಪ್ಪಿಲ್ಲ ಅನ್ನುವ ವಾದವನ್ನು ನಾನೇ ಪೂರ್ತಿ ನಂಬಿಲ್ಲ.

ಸ್ವೆಟರ್ ಬಿಸಾಡಿಲ್ಲ. ಬಿಸಾಡಿದರೆ ಯಾವ ಕುರಿಗೂ ಲಾಭವಿಲ್ಲ. ಯಾರಿಗಾದರೂ ಕೊಡೋಣ ಅಂತ ಎರಡು ಸಲ ಚೀಲಕ್ಕೆ ಹಾಕಿ ಎರಡು ಸಲವೂ ತೆಗೆದೆ, ಚಳಿ ಹಾಗಿತ್ತು. ಈಗ ಮನೆಯೊಳಗೆ, ರಾತ್ರಿ ಹೊತ್ತು ಮಾತ್ರ ಹಾಕಿಕೊಳ್ಳುತ್ತೇನೆ. ಮೊನ್ನೆ ಬಾಗಿಲ ಗಂಟೆ ಬಾರಿಸಿತು. ಸರಕ್ಕನೆ ಸ್ವೆಟರ್ ತಲೆಯ ಮೇಲಿಂದ ಎಳೆದು ಕುರ್ಚಿಯ ಹಿಂದೆ ಎಸೆದು, ನಡುಗುತ್ತಾ ಹೋಗಿ ಬಾಗಿಲು ತೆರೆದೆ.