ಬೀಗ ಬಿದ್ದ ಕೊಠಡಿಯ ಹೊರಗೆ ಒಂದು ಸಂಜೆ

ಮಧ್ಯಾಹ್ನ ಎರಡೂವರೆಗೆ ಸರ್ಕಾರಿ ಕಚೇರಿಯ ಮೂರನೇ ಮಹಡಿ ಹತ್ತಿ ಹೋದರೆ ನಮ್ಮ ಕೊಠಡಿಗೆ ಹೊಸ ಬೀಗ ಬಿದ್ದಿತ್ತು. ‘ಪತ್ರಕರ್ತರ ಕೊಠಡಿ’ ಎಂಬ ಫಲಕ ಇರಲಿಲ್ಲ, ಅದನ್ನು ಹಿಡಿದಿದ್ದ ನಾಲ್ಕು ಮೊಳೆಗಳ ತೂತು ಮಾತ್ರ ಉಳಿದಿದ್ದವು. ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು: ಸ್ಥಳಾಭಾವದಿಂದಾಗಿ ಕೊಠಡಿಯನ್ನು ಬೇರೆ ಶಾಖೆಗೆ ಹಂಚಲಾಗಿದೆ, ಮಾಧ್ಯಮದವರು ಇನ್ನು ಮುಂದೆ ನೆಲಮಹಡಿಯ ಕೌಂಟರಿನಲ್ಲಿ ಸಂದರ್ಶಕರ ಪಾಸ್ ಪಡೆದು ಒಳಬರತಕ್ಕದ್ದು. ಕೆಳಗೆ ಸಹಿ ಇತ್ತು, ದಿನಾಂಕ ಇತ್ತು. ಯಾವ ಆದೇಶದ ಮೇರೆಗೆ ಎಂಬುದು ಮಾತ್ರ ಇರಲಿಲ್ಲ.

ಹನ್ನೊಂದು ವರ್ಷ ಅಲ್ಲಿ ಕೂತು ವರದಿ ಬರೆದವನು ನಾನು. ಆರು ಮೇಜು, ಒಂದು ಕಿಟಕಿ, ಹಳೆಯ ಕಪಾಟು. ಕೊಠಡಿ ಅಂದರೆ ಇಷ್ಟೇ ಎಂದುಕೊಂಡವರಿಗೆ ಅದರ ಬೆಲೆ ಗೊತ್ತಾಗುವುದಿಲ್ಲ. ಬೆಲೆ ಇರುವುದು ಬಾಗಿಲಾಚೆಯ ಕಾರಿಡಾರಿನಲ್ಲಿ. ಯಾವ ಅಧಿಕಾರಿಯ ಕೋಣೆ ಮುಂದೆ ಯಾವ ಗುತ್ತಿಗೆದಾರ ಕಾಯುತ್ತಿದ್ದಾನೆ, ಯಾವ ಶಾಖೆಯ ದೀಪ ರಾತ್ರಿ ಎಂಟಾದರೂ ಉರಿಯುತ್ತಿದೆ, ಬೆಳಿಗ್ಗೆ ಮೇಲಕ್ಕೆ ಹೋದ ಕಡತ ಸಂಜೆಯೊಳಗೆ ಯಾಕೆ ವಾಪಸ್ಸು ಬಂತು, ಇವೆಲ್ಲ ಪತ್ರಿಕಾ ಪ್ರಕಟಣೆಯಲ್ಲಿ ಇರುವುದಿಲ್ಲ. ಫೋನ್ ಎತ್ತದ ಅಧಿಕಾರಿ ಲಿಫ್ಟಿನ ಮುಂದೆ ಎದುರಾದರೆ ಏನಾದರೂ ಹೇಳಲೇಬೇಕಾಗುತ್ತದೆ. ‘ಏನೂ ಇಲ್ಲ ಕಣ್ರೀ’ ಎಂದರೂ ಅದನ್ನು ಹೇಳುವ ರೀತಿಯಲ್ಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ಆದರೆ ಆ ಕೊಠಡಿ ನನಗೆ ಹೆಚ್ಚು ನೆರವಾಗಿದ್ದು ಸುದ್ದಿ ಹೆಕ್ಕಲು ಅಲ್ಲ, ತಪ್ಪು ಬರೆಯದಿರಲು. ಸರ್ಕಾರದ ಭಾಷೆಯಲ್ಲಿ ‘ಒಪ್ಪಿಗೆ’ ಎಂಬ ಒಂದು ಮಾತಿಗೆ ಎಷ್ಟೊಂದು ಮೆಟ್ಟಿಲು! ತಾತ್ವಿಕ ಒಪ್ಪಿಗೆ, ಅಂದರೆ ‘ಮಾಡಬಹುದು’ ಎಂಬಷ್ಟೇ ಮಾತು, ಬೇರೆ, ತಾಂತ್ರಿಕ ಮಂಜೂರಾತಿ ಬೇರೆ, ಆಡಳಿತಾತ್ಮಕ ಅನುಮೋದನೆ ಬೇರೆ. ಹಣಕಾಸಿನವರ ಸಹಮತಿ ಇನ್ನೂ ಬೇರೆ. ಇಷ್ಟೆಲ್ಲ ಆದಮೇಲೂ ಹಣ ಬಿಡುಗಡೆ ಆಗದೆ ಕೂತ ಕೆಲಸಗಳಿವೆ. ಪ್ರಕಟಣೆ ಬರೆಯುವವರು ಇದಷ್ಟನ್ನೂ ‘ಒಪ್ಪಿಗೆ ದೊರೆತಿದೆ’ ಎಂದು ಮುಗಿಸುತ್ತಾರೆ. ನಾನು ಎದ್ದು ಇಪ್ಪತ್ತು ಹೆಜ್ಜೆ ನಡೆದು ಶಾಖೆಯ ಗುಮಾಸ್ತರನ್ನು ಕೇಳಿ ಬರುತ್ತಿದ್ದೆ. ಅವರು ಕಡತ ತೋರಿಸುತ್ತಿರಲಿಲ್ಲ, ತೋರಿಸಬೇಕಾಗಿಯೂ ಇರಲಿಲ್ಲ. ‘ಅಷ್ಟು ದೂರ ಹೋಗ್ಬೇಡಿ ಸರ್, ಇನ್ನೂ ಪ್ರಸ್ತಾವನೆ’ ಎಂದರೆ ಸಾಕು, ತಲೆಬರಹ ಬದಲಾಗುತ್ತಿತ್ತು.

ಬೀಗ ಬಿದ್ದ ದಿನವೇ ಅಂಥದ್ದೊಂದು ಬಂತು. ಆರೂವರೆಗೆ ವಾಟ್ಸ್ಆಪ್‌ನಲ್ಲಿ ಪ್ರಕಟಣೆ: ಕುಡಿಯುವ ನೀರಿನ ಯೋಜನೆಗೆ ಒಪ್ಪಿಗೆ ದೊರೆತಿದೆ. ಪಾಸ್ ಕೊಡುವ ಕೌಂಟರ್ ಐದೂವರೆಗೇ ಮುಚ್ಚಿತ್ತು. ಭದ್ರತೆಯವರು ಹನ್ನೊಂದು ವರ್ಷದ ಪರಿಚಯಸ್ಥರೇ. ‘ನನ್ನ ಕೈಲಿಲ್ಲ ಸರ್’ ಎಂದು ಮುಖ ತಗ್ಗಿಸಿದರು. ಶಾಖಾಧಿಕಾರಿಯ ಫೋನ್ ಆಫ್. ಮುಖ್ಯ ದ್ವಾರದ ಮೆಟ್ಟಿಲ ಮೇಲೆ ಕೂತು, ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡೆ. ಪತ್ರಿಕೆಯ ಡೆಸ್ಕಿನಿಂದ ಎರಡು ಸಲ ಕರೆ ಬಂತು. ಏಳೂಕಾಲಿಗೆ ‘ಯೋಜನೆ ಮಂಜೂರು’ ಎಂದು ಬರೆದು ಕಳಿಸಿದೆ.

ಅಷ್ಟರಲ್ಲಿ ಬ್ಯಾಟರಿ ಮುಗಿಯುತ್ತಾ ಬಂದಿತ್ತು. ಎರಡು ಮೆಟ್ಟಿಲು ಕೆಳಗೆ ಕೂತಿದ್ದ ಹುಡುಗಿ ಕೇಳದೆಯೇ ಪವರ್ ಬ್ಯಾಂಕ್ ಚಾಚಿದಳು. ಸಣ್ಣದೊಂದು ಸುದ್ದಿ ಜಾಲತಾಣದ ವರದಿಗಾರ್ತಿ, ಮುಖ ಪರಿಚಯವಿತ್ತು. ‘ನೋಡಿ, ಎಂಥ ಅನ್ಯಾಯ. ಒಂದು ಮಾತು ಹೇಳದೆ ಬೀಗ ಹಾಕಿದ್ದಾರೆ’ ಎಂದೆ.

‘ನಿಮಗೆ ಇವತ್ತು ಬೀಗ ಕಂಡಿದೆ ಸರ್. ನನಗೆ ಎರಡು ವರ್ಷದಿಂದ ಕಾಣ್ತಾ ಇದೆ’ ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ.

ನೆನಪಾಯಿತು. ಎರಡು ವರ್ಷದ ಹಿಂದೆ ನಮ್ಮ ಬಾಗಿಲಿಗೆ ಬಂದು ನಿಂತು, ಇಲ್ಲಿ ಕೂತು ಬರೆಯಬಹುದಾ ಎಂದು ಕೇಳಿದ್ದಳು. ಒಳಗಿದ್ದವರೊಬ್ಬರು ‘ಸರ್ಕಾರದ ಮಾನ್ಯತಾ ಪತ್ರ ಇದ್ದವರಿಗೆ ಮಾತ್ರ’ ಎಂದರು. ಆಗ ಎರಡು ಮೇಜು ಖಾಲಿ ಇದ್ದವು. ನಾನು ಪರದೆಯಿಂದ ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಓದುಗರೊಬ್ಬರು ಪತ್ರಿಕೆಗೆ ಕರೆ ಮಾಡಿ ನನ್ನನ್ನೇ ಕೇಳಿದರು. ಪೈಪ್ ಹಾಕೋಕೆ ಯಾವಾಗ ಬರ್ತಾರಪ್ಪ, ಮನೆ ಮುಂದೆ ಅಗೆಯೋದಾದರೆ ಮೊದಲೇ ಹೇಳಿ ಎಂದರು. ವಯಸ್ಸಾದ ಹೆಂಗಸಿನ ದನಿ. ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು, ಸಿಕ್ಕಿದ್ದು ಬರೀ ತಾತ್ವಿಕ ಒಪ್ಪಿಗೆ. ‘ತಪ್ಪು ಬರೆದುಬಿಟ್ಟೆ ಅಮ್ಮಾ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಆಯ್ತು ಬಿಡಿ’ ಎಂದು ಇಟ್ಟರು. ತಿದ್ದುಪಡಿ ಅದರ ಮಾರನೇ ದಿನ ಒಳಪುಟದಲ್ಲಿ ಬಂತು.

ಮೂರು ದಿನ ಬಿಟ್ಟು ಎಲ್ಲರೂ ಸೇರಿ, ಮನವಿ ಬರೆಯುವ ಕೆಲಸವನ್ನು ನನಗೆ ವಹಿಸಿದರು. ಬೇರೆ ಕಡೆಯ ಉದಾಹರಣೆ ಹಾಕು, ತೂಕ ಬರುತ್ತೆ ಎಂದರು ಹಿರಿಯರೊಬ್ಬರು. ಹುಡುಕುತ್ತಾ ಹೋದೆ. ಅಮೆರಿಕದಲ್ಲಿ 1902ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಶ್ವೇತಭವನಕ್ಕೆ ಪಶ್ಚಿಮದ ಕಟ್ಟಡ ಸೇರಿಸಿದಾಗ ವರದಿಗಾರರಿಗೂ ಒಂದು ಕೋಣೆ ಇಟ್ಟಿದ್ದರು. 1970ರಲ್ಲಿ, ನಿಕ್ಸನ್ ಕಾಲದಲ್ಲಿ, ಅಲ್ಲಿನ ಈಜುಕೊಳದ ಮೇಲೆ ನೆಲ ಹಾಸಿ ಪತ್ರಕರ್ತರಿಗೆ ಜಾಗ ಮಾಡಿದರು. ಕೊಳ ಇನ್ನೂ ಕೆಳಗಿದೆ, ಮೇಲಿರುವ ಸುದ್ದಿಗೋಷ್ಠಿ ಕೋಣೆಯಲ್ಲಿ 49 ಕುರ್ಚಿ. 1993ರಲ್ಲಿ ಕ್ಲಿಂಟನ್ ಆಡಳಿತ ಬಂದ ಕೂಡಲೇ ಆ ಜಾಗದಿಂದ ಪತ್ರಿಕಾ ಕಾರ್ಯದರ್ಶಿಯ ಕಚೇರಿಯತ್ತ ಹೋಗುವ ದಾರಿಯನ್ನು ಮುಚ್ಚಿತು. ಕುರ್ಚಿಗಳನ್ನು ಯಾರೂ ಮುಟ್ಟಲಿಲ್ಲ, ಮುಚ್ಚಿದ್ದು ಓಡಾಟದ ದಾರಿ ಅಷ್ಟೆ. ವರದಿಗಾರರ ಆಕ್ಷೇಪಕ್ಕೆ ಮಣಿದು ಕೆಲವೇ ತಿಂಗಳಲ್ಲಿ ತೆರೆಯಬೇಕಾಯಿತು. ಇದನ್ನು ಓದುವಾಗ ನಮ್ಮ ಕಾರಿಡಾರ್ ಕಣ್ಣಮುಂದೆ ಬಂತು.

2025ರ ಫೆಬ್ರವರಿಯದ್ದು ಇನ್ನೂ ಹತ್ತಿರದ್ದು. ಅದೇ ದೇಶದ ರಕ್ಷಣಾ ಇಲಾಖೆಯ ಕೇಂದ್ರ ಪೆಂಟಗನ್‌ನಲ್ಲಿ, ಬೇರೆ ಮಾಧ್ಯಮಗಳಿಗೂ ಸರದಿ ಸಿಗಲಿ ಎಂಬ ಹೆಸರಿನಲ್ಲಿ, ನ್ಯೂಯಾರ್ಕ್ ಟೈಮ್ಸ್, ಎನ್‌ಬಿಸಿ, ಎನ್‌ಪಿಆರ್, ಪೊಲಿಟಿಕೊ ಸುದ್ದಿ ಸಂಸ್ಥೆಗಳ ಕಚೇರಿ ಜಾಗ ತೆರವು ಮಾಡಿಸಿದರು. ಅಕ್ಟೋಬರ್ ಹೊತ್ತಿಗೆ ಹೊಸ ನಿಯಮಾವಳಿಗೆ ಸಹಿ ಹಾಕಲು ಒಪ್ಪದ ಹತ್ತಾರು ವರದಿಗಾರರು ಪಾಸುಗಳನ್ನು ಒಪ್ಪಿಸಿ, ಪೆಟ್ಟಿಗೆ ಹೊತ್ತು ಹೊರಬಂದರು. ಜಾಗ ಕೊಟ್ಟವರಿಗೆ ಅದನ್ನು ಯಾವಾಗ ಬೇಕಾದರೂ ಕಸಿದುಕೊಳ್ಳುವ ಅಧಿಕಾರ ಇದ್ದರೆ ಅಲ್ಲಿ ಕೂತವನ ಕೈ ಬರೆಯುವಾಗ ತಡೆಯುತ್ತದೆ. ನನ್ನದೂ ತಡೆದಿದೆ. ನಮ್ಮ ಕೊಠಡಿಗೆ ಇಂಟರ್ನೆಟ್ ಕೊಡಿಸಿದ ಅಧಿಕಾರಿಯ ಮೇಲಿನ ದೂರೊಂದನ್ನು ನಾನು ಎರಡು ದಿನ ತಡವಾಗಿ ಬರೆದೆ. ಇನ್ನಷ್ಟು ಪರಿಶೀಲನೆ ಬೇಕು ಎಂದು ಆಗ ಹೇಳಿಕೊಂಡಿದ್ದೆ. ಅದು ಪರಿಶೀಲನೆ ಆಗಿರಲಿಲ್ಲ.

ಜಪಾನಿನ ಸಂಗತಿ ಓದಿದಾಗ ಮಾತ್ರ ಕೈ ನಿಂತೇಹೋಯಿತು. ಅಲ್ಲಿನ ಸಂಸತ್ತು 1890ರಲ್ಲಿ ಶುರುವಾದಾಗ, ಒಳಗೆ ಬಿಡಿ ಎಂದು ಕೇಳಲು ವರದಿಗಾರರು ಒಂದು ಗುಂಪು ಕಟ್ಟಿದರು. ‘ಕಿಶಾ ಕ್ಲಬ್’ಗಳು, ಅಂದರೆ ವರದಿಗಾರರ ಕೂಟಗಳು, ಹುಟ್ಟಿದ್ದು ಹಾಗೆ. ಸಚಿವಾಲಯಗಳಲ್ಲಿ, ಪೊಲೀಸ್ ಕಚೇರಿಗಳಲ್ಲಿ ಅವಕ್ಕೆ ಕೊಠಡಿ ಸಿಕ್ಕವು. ಬಾಗಿಲು ಬಡಿದು ಒಳಹೋದ ಅದೇ ಕ್ಲಬ್ಬುಗಳು ಮುಂದೆ ವಾರಪತ್ರಿಕೆಯವರನ್ನು, ಸ್ವತಂತ್ರ ಬರಹಗಾರರನ್ನು, ವಿದೇಶಿ ವರದಿಗಾರರನ್ನು ಬಹುಕಾಲ ಹೊರಗೇ ನಿಲ್ಲಿಸಿದವು. 2001ರಲ್ಲಿ ನಗಾನೊ ಪ್ರಾಂತ್ಯದ ಗವರ್ನರ್ ಯಸುವೊ ತನಾಕಾ ಅಲ್ಲಿನ ಕ್ಲಬ್ ಕೊಠಡಿಗಳನ್ನು ಬಿಡಿಸಿ, ಎಲ್ಲರಿಗೂ ತೆರೆದ ಪತ್ರಿಕಾ ಕೇಂದ್ರ ಮಾಡುವುದಾಗಿ ಘೋಷಿಸಿದರು. ಓದುತ್ತಾ ಓದುತ್ತಾ ಮೆಟ್ಟಿಲ ಮೇಲೆ ಕೂತ ಆ ಹುಡುಗಿಯೇ ನೆನಪಾಗುತ್ತಿದ್ದಳು.

ಮನವಿಯನ್ನು ಮೊದಲಿಂದ ಬರೆದೆ. ‘ನಮ್ಮ ಕೊಠಡಿ ನಮಗೆ ಕೊಡಿ’ ಎಂಬ ಸಾಲು ಹೊಡೆದುಹಾಕಿದೆ. ಜಾಗದ ಹಂಚಿಕೆ ಬಾಯಿಮಾತಿನಲ್ಲಿ ಬೇಡ, ಲಿಖಿತ ಆದೇಶದಲ್ಲಿರಲಿ. ಯಾರು ಏನು ಬರೆದರು ಎಂಬ ಕಾರಣಕ್ಕೆ ಯಾರನ್ನೂ ತೆಗೆಯುವಂತಿಲ್ಲ. ಮಾನ್ಯತಾ ಪತ್ರ ಇಲ್ಲದವರಿಗೂ, ಕೆಲಸ ಮಾಡುತ್ತಿರುವ ಗುರುತು ತೋರಿಸಿದರೆ, ಕುರ್ಚಿ ಸಿಗಲಿ. ವಿದ್ಯುತ್ತು, ಇಂಟರ್ನೆಟ್ಟಿನ ಖರ್ಚು ನಾವೇ ಹಾಕಿಕೊಳ್ಳೋಣ. ಕೊನೆಯ ಎರಡಕ್ಕೆ ನಮ್ಮವರಲ್ಲೇ ಗಲಾಟೆ ಆಯಿತು. ‘ಯಾರ್ಯಾರೋ ಬಂದು ತುಂಬಿಕೊಂಡ್ರೆ ಏನ್ ಮಾಡ್ತೀಯ?’ ಎಂದರು ಹಿರಿಯರು. ನೀರಿನ ಯೋಜನೆಯ ತಿದ್ದುಪಡಿ ಬಂದ ಪುಟವನ್ನು ಅವರ ಮುಂದಿಟ್ಟು, ಬಾಗಿಲು ಮುಚ್ಚಿದ್ದಕ್ಕೆ ಆಗಿದ್ದು ಇದು ಎಂದೆ. ನಮಗೆ ಒಂದು ದಿನ ಹೀಗಾದರೆ ಹೊರಗೆ ನಿಂತವರಿಗೆ ದಿನಾ ಹೀಗೆ ಎಂದೆ. ಎಲ್ಲರೂ ಒಪ್ಪಲಿಲ್ಲ. ಮೂವರು ಸಹಿ ಹಾಕಲಿಲ್ಲ.

ಐದು ವಾರದ ಮೇಲೆ ಜಾಗ ಸಿಕ್ಕಿತು. ಮೂರನೇ ಮಹಡಿಯಲ್ಲಲ್ಲ, ನೆಲಮಹಡಿಯಲ್ಲಿ, ಕೌಂಟರಿನ ಹಿಂದೆ. ಕಾರಿಡಾರ್ ನಮ್ಮ ಕೈತಪ್ಪಿತು, ಅದರ ಬಗ್ಗೆ ಈಗಲೂ ಬರೆಯುತ್ತಲೇ ಇದ್ದೇವೆ. ಆದರೆ ಈ ಸಲ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಆದೇಶದ ಸಂಖ್ಯೆ ಇದೆ, ಕಚೇರಿ ಮುಚ್ಚುವವರೆಗೂ ಪತ್ರಕರ್ತರು ಮೇಲೆ ಹೋಗಿಬರಬಹುದು ಎಂಬ ಸಾಲೂ ಇದೆ.

ಮೊದಲ ವಾರವೇ ಒಂದು ಸಂಜೆ ಪ್ರಕಟಣೆ ಬಂತು, ರಸ್ತೆ ಅಗಲೀಕರಣಕ್ಕೆ ಒಪ್ಪಿಗೆ ಅಂತ. ನಾನು ಕನ್ನಡಕ ಹುಡುಕುವಷ್ಟರಲ್ಲಿ ಬಾಗಿಲ ಪಕ್ಕದ ಕುರ್ಚಿಯಿಂದ ಅವಳು ಎದ್ದಿದ್ದಳು. ‘ಯಾವ ಒಪ್ಪಿಗೆ ಅಂತ ಕೇಳ್ಕೊಂಡು ಬರ್ತೀನಿ ಸರ್’ ಎಂದು ಮೆಟ್ಟಿಲು ಹತ್ತಿದಳು. ನಾನು ಡೆಸ್ಕಿಗೆ ಫೋನ್ ಮಾಡಿ, ತಲೆಬರಹಕ್ಕೆ ಹತ್ತು ನಿಮಿಷ ಕಾಯಿರಿ ಎಂದೆ.