ಮಾರಿಕುಪ್ಪಂ ರೈಲಿನ ದಿನಗಳು

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ, ಗಣಿ ಕಾರ್ಮಿಕರ ಲೈನ್ ಮನೆಗಳಿಂದ ಗಣಿಗೆ ನಡೆದೇ ಹೋಗುತ್ತಿದ್ದವರ ಮಕ್ಕಳು ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡಬೇಕಾಯಿತು. ಬಂಗಾರಪೇಟೆಯಲ್ಲಿ ಹತ್ತಿ ಕೆಲವು ವರ್ಷ ಅವರೊಡನೆ ಪ್ರಯಾಣಿಸಿದವನು ನಾನು. ಗಣಿ ಪ್ರದೇಶದ ಕೊನೆಯ ನಿಲ್ದಾಣವಾದ ಮಾರಿಕುಪ್ಪಂನಿಂದ ಹೊರಟ ಬೋಗಿಗಳು ಅಷ್ಟರಲ್ಲೇ ತುಂಬಿರುತ್ತಿದ್ದವು. ಕೊಕ್ಕೆಗಳಲ್ಲಿ ಊಟದ ಚೀಲಗಳು ಒಂದರ ಮೇಲೊಂದು ಜೋತಾಡುತ್ತಿದ್ದವು, ನೆಲದ ಮೇಲೆ ಹಳೆಯ ಪೇಪರ್ ಹಾಸಿ ಕುಳಿತವರು ಮಾಲೂರು ಬರುವಷ್ಟರಲ್ಲಿ ನಿದ್ದೆಗೆ ಜಾರಿರುತ್ತಿದ್ದರು. ವೈಟ್‌ಫೀಲ್ಡ್‌ನಲ್ಲಿ ಸೆಕ್ಯುರಿಟಿ ಮತ್ತು ಹೌಸ್‌ಕೀಪಿಂಗ್ ಕೆಲಸದವರು, ಕೃಷ್ಣರಾಜಪುರದಲ್ಲಿ ಕಾರ್ಖಾನೆಯವರು, ದಂಡು ನಿಲ್ದಾಣದಲ್ಲಿ ಕಚೇರಿಯವರು ಇಳಿಯುತ್ತಿದ್ದರು. ರೈಲು ಸಿಗ್ನಲ್‌ನಲ್ಲಿ ನಿಂತರೆ ಎಲ್ಲರಿಗಿಂತ ಮೊದಲು ಕೈಗಡಿಯಾರ ನೋಡುತ್ತಿದ್ದವರು ದಿನಗೂಲಿಯವರೇ.

ಅದೇ ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಉದ್ಯೋಗಿಗಳಲ್ಲಿ ಎಷ್ಟೋ ಮಂದಿಗೆ ಕಂಪನಿಯ ಕ್ಯಾಬ್ ಮನೆ ಬಾಗಿಲಿಗೇ ಬರುತ್ತದೆ. 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದವರೆಗಿನ ನೇರಳೆ ಮೆಟ್ರೊ ಮಾರ್ಗವೂ ಪೂರ್ಣವಾಗಿ ದೊರೆತಿದೆ. ಹೆಚ್ಚು ಸಂಬಳದವರಿಗೆ ವಾಹನ ಪುಕ್ಕಟೆ, ಕಡಿಮೆ ಸಂಬಳದವರಿಗೆ ಪಾಸಿನ ಖರ್ಚು ಸ್ವಂತದ್ದು ಎಂಬ ಲೆಕ್ಕ ನನಗೆ ಎಂದೂ ಸರಿಯೆನಿಸಿಲ್ಲ. ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮಟ್ಟಿಗೆ ಈ ಲೆಕ್ಕವನ್ನು ಸ್ವಲ್ಪ ಬದಲಿಸಿದ್ದು 2023ರ ಜೂನ್ 11ರಂದು ಆರಂಭವಾದ, ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ; ಬಸ್ ದರ ಉಳಿಸಲು ಎರಡು ಮೂರು ಸ್ಟಾಪ್ ನಡೆಯುತ್ತಿದ್ದ ನಮ್ಮ ಪಕ್ಕದ ಮನೆಯ ಅಕ್ಕ ಈಗ ಆಧಾರ್ ಕಾರ್ಡನ್ನು ಟಿಫಿನ್ ಚೀಲದ ಹೊರಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ.