ಹನ್ನೆರಡು ಬಾಗಿಲು, ಒಂದು ಹಲಸಿನ ಕಪಾಟು

ನಮ್ಮ ಅಡಿಗೆ ಕೋಣೆಯ ಕಪಾಟುಗಳಿಗೆ ಹದಿನೆಂಟು ವರ್ಷ. ಕೆಳಗೆ ಪ್ಲೈವುಡ್ಡಿನ ಹನ್ನೆರಡು ಬಾಗಿಲು. ಮೇಲೆ ಮಾವ ತೋಟದ ಹಲಸಿನ ಮರ ಕುಯ್ಯಿಸಿ ಮಾಡಿಸಿದ ಗೋಡೆ ಕಪಾಟು. ಮಳೆ ಜೋರಿರುವ ಆಟಿ ತಿಂಗಳು ಬಂತೆಂದರೆ ಪ್ಲೈವುಡ್ಡಿಗೆ ಬೂಸು ಹಿಡಿಯುತ್ತಿತ್ತು. ಸಿಂಕಿನ ಕೆಳಗಿನ ಬಾಗಿಲಂತೂ ಉಬ್ಬಿ, ಕಾಲಲ್ಲಿ ಒತ್ತಿದರೆ ಮಾತ್ರ ಮುಚ್ಚುತ್ತಿತ್ತು. ಹೊಸದು ಮಾಡಿಸಲು ಕೇಳಿದರೆ ಒಂದೂವರೆ ಲಕ್ಷದ ಲೆಕ್ಕ ಬಂತು. ಆ ವರ್ಷದ ಅಡಕೆ ದುಡ್ಡು ಮಗಳ ಹಾಸ್ಟೆಲಿಗೆ ಹೋಗಿಯಾಗಿತ್ತು. ಇದ್ದದ್ದಕ್ಕೇ ಪೇಂಟ್ ಹೊಡೆಯುವ ಎಂದು ಹೊರಟೆ.

ಫೆಬ್ರವರಿಯನ್ನೇ ಆರಿಸಿಕೊಂಡೆ. ಮಳೆಗಾಲದ ತೇವದಲ್ಲಿ ಎನಾಮೆಲ್ ಪೇಂಟ್ ಬೇಗ ಒಣಗುವುದಿಲ್ಲ, ಹೊಳಪೂ ಮಂಕಾಗುತ್ತದೆ. ಕಾಸರಗೋಡಿನ ಬದಿಯಡ್ಕದ ಪೇಂಟಿನ ಅಂಗಡಿಯವರದು ಮಲಯಾಳ, ನನ್ನದು ಕನ್ನಡ, ನಡುವೆ ತುಳು. "ಬಿಜಾಗರಿ ಬಿಚ್ಚದೆ ಕೈ ಹಾಕಬೇಡಿ ಅಕ್ಕ" ಎಂದರು. ಆ ಶಬ್ದ ಮೂರು ಭಾಷೆಯಲ್ಲೂ ಹೆಚ್ಚುಕಡಿಮೆ ಒಂದೇ. ಪೇಂಟಿಗೆ ಮೊದಲು ಹೊಡೆಯುವ ಪ್ರೈಮರ್ ಒಂದು ಲೀಟರ್, ಎನಾಮೆಲ್ ಎರಡು ಲೀಟರ್, ಪುಟ್ಟಿ, ಥಿನ್ನರ್, 120 ಮತ್ತು 220 ನಂಬರಿನ ಸ್ಯಾಂಡ್ ಪೇಪರ್, ಸ್ಪಂಜಿನ ಸಣ್ಣ ರೋಲರ್, ಬ್ರಷ್, ಹೊಸ ಹಿಡಿಗಳು: ಎಲ್ಲ ಸೇರಿ 2,300 ರೂಪಾಯಿಯ ಆಸುಪಾಸು.

"ಮೇಲಿನದಕ್ಕೂ ಹೊಡೆಯುತ್ತೀಯಾ?" ಅತ್ತೆ ಕೇಳಿದರು. ನನ್ನ ಲೆಕ್ಕದಲ್ಲಿ ಎರಡಕ್ಕೂ ತೆಳು ಹಸಿರು.

"ಅದಕ್ಕೆ ಬೇಡ ಮಗಳೇ. ತಂದಾಗ ಅರಸಿನದ ಹಾಗೆ ಇತ್ತು. ಈಗ ನೋಡು."

ನೋಡಿದೆ. ಹಲಸಿನ ಮರ ವರ್ಷ ಕಳೆದ ಹಾಗೆ ಹಳದಿಯಿಂದ ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ದಿನಕ್ಕೆ ಇಪ್ಪತ್ತು ಸಲ ತೆರೆದು ಮುಚ್ಚುವ ನನ್ನ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ. ಹಸಿರು ಬಿಟ್ಟು, ಆ ಕಂದಿಗೆ ಒಗ್ಗುವ ಬೆಣ್ಣೆ ಬಣ್ಣ ತಂದೆ.

ಬಾಗಿಲು ಕಳಚಿ, ಬಿಜಾಗರಿ ಕೂರುವ ಗುಳಿಯಲ್ಲಿ ನಂಬರ್ ಬರೆದು ಅದರ ಮೇಲೆ ಟೇಪು ಅಂಟಿಸಿದೆ. ಬೇರೆ ಎಲ್ಲಿ ಬರೆದರೂ ಪ್ರೈಮರ್ ನುಂಗಿಬಿಡುತ್ತದೆ. ಪೇಂಟ್ ಹೊಡೆದದ್ದಕ್ಕಿಂತ ತೊಳೆದದ್ದೇ ಹೆಚ್ಚು. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ನಾನೂ ಅತ್ತೆಯೂ ಎರಡು ದಿನ ಉಜ್ಜಿದೆವು. ಹದಿನೆಂಟು ವರ್ಷದ ಒಗ್ಗರಣೆ ಜೇನುಮೇಣದ ಹಾಗೆ ಬೆರಳಿಗೆ ಅಂಟುತ್ತಿತ್ತು. ಆಮೇಲೆ 120ರ ಕಾಗದದಲ್ಲಿ ತಿಕ್ಕಿ, ಸಂದಿಗೆ ಪುಟ್ಟಿ ತುಂಬಿ, ಪ್ರೈಮರ್, ಮತ್ತೆ 220ರಲ್ಲಿ ಹಗುರ ತಿಕ್ಕಾಟ. ಆ ನಾಲ್ಕೈದು ದಿನ ಅಡಿಗೆ ಬಚ್ಚಲು ಕೊಟ್ಟಿಗೆಯ ಸೌದೆ ಒಲೆಯಲ್ಲಿ.

ಒಣಗಿಸಲು ಜಾಗವೇ ಇರಲಿಲ್ಲ, ಅಂಗಳದ ತುಂಬ ಅಡಕೆ. ಬಾಗಿಲುಗಳನ್ನು ಜಗಲಿಯಲ್ಲಿ ತೆಂಗಿನ ಸೋಗೆಯ ದಿಂಡುಗಳ ಮೇಲೆ ಮಲಗಿಸಿದೆವು. ಮಧ್ಯಾಹ್ನ ಇವರು ಅಡಕೆ ಮಗುಚಿದರೆ ಧೂಳೆಲ್ಲ ಹಸಿ ಪೇಂಟಿನ ಮೇಲೆ. ಮರುದಿನದಿಂದ ಅಡಕೆ ಮಗುಚಿ, ಧೂಳು ಕೂತ ಮೇಲೆ ಸಂಜೆ ಹೊತ್ತಿಗೆ ಪೇಂಟ್.

ಒಲೆಯ ಪಕ್ಕದ ಏಳನೇ ಬಾಗಿಲು ಮಾತ್ರ ಕೇಳಲಿಲ್ಲ. ಪೇಂಟ್ ಅಲ್ಲಲ್ಲಿ ಸರಿದು ಮೀನಿನ ಕಣ್ಣಿನಂಥ ಗುಂಡಿಗಳು. ಎಣ್ಣೆ ಇನ್ನೂ ಉಳಿದಿತ್ತು. ಅಳು ಬಂತು. ಅತ್ತೆ ಏನೂ ಹೇಳದೆ ಮತ್ತೆ ನೀರು ಕಾಯಿಸಲು ಇಟ್ಟರು. ಒಣಗಿದ ಮೇಲೆ ಕೆರೆದು, ತೊಳೆದು, ಪ್ರೈಮರಿನಿಂದ ಶುರು ಮಾಡಿದೆ.

ಸಿಂಕಿನ ಕೆಳಗಿನ ಬಾಗಿಲಿನ ಉಬ್ಬಿದ ತುದಿಯನ್ನು ಆಚಾರಿ ಕತ್ತರಿಸಿ ಪಟ್ಟಿ ಕೂರಿಸಿಕೊಟ್ಟರು. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ. ನಾಲ್ಕೂ ಅಂಚಿಗೆ, ಕಣ್ಣಿಗೆ ಕಾಣದ ಅಡಿಗೂ, ಎರಡೆರಡು ಸಲ ಪ್ರೈಮರ್ ಕುಡಿಸಿದೆ. ಮೇಲಿಂದ ಎನಾಮೆಲ್ ತೆಳ್ಳಗೆ ಎರಡು ಕೋಟ್, ನಡುವೆ ಒಂದು ರಾತ್ರಿ. ಮುಟ್ಟಿದರೆ ಒಣಗಿದ ಹಾಗೆ ಕಂಡರೂ ಗಟ್ಟಿಯಾಗಲು ವಾರಗಳು ಬೇಕು. ಹಾಗಾಗಿ ಜೋಡಿಸಿದ ಮೇಲೂ ಹತ್ತು ದಿನ ಯಾವ ಬಾಗಿಲನ್ನೂ ಪೂರ್ತಿ ಮುಚ್ಚಲಿಲ್ಲ. ಅತ್ತೆ ಹಲಸಿನ ಕಪಾಟನ್ನು ಒದ್ದೆ ಬಟ್ಟೆಯಲ್ಲಿ ಒರಸಿ, ಒಣಗಿಸಿ, ತೆಂಗಿನೆಣ್ಣೆ ಸವರಿದರು.

ಈ ಸಲದ ಆಟಿಯಲ್ಲಿ ಅವರು ದಿನಾ ಬೆಳಿಗ್ಗೆ ಸಿಂಕಿನ ಕೆಳಗಿನ ಬಾಗಿಲಿನ ಅಡಿ ಅಂಚಿಗೆ ಬೆರಳು ಓಡಿಸಿ ನೋಡುತ್ತಿದ್ದರು. "ಉಬ್ಬಲಿಲ್ಲ" ಎಂದು ಹೇಳಿಯೇ ಕಾಫಿಗೆ ನೀರಿಡುತ್ತಿದ್ದದ್ದು.